ಮಂಜಿನ ದಾರಿಗೆ ಎಂಥ ದೀಪ?

ನವೆಂಬರ್ ತಿಂಗಳ ಮೊದಲ ಭಾನುವಾರ, ಸೂರ್ಯ ಹುಟ್ಟುವ ಹೊತ್ತು. ಲಂಡನ್ನಿನ ಹೈಡ್ ಪಾರ್ಕಿನಿಂದ ನೂರಾರು ಹಳೆಯ ಮೋಟಾರು ಗಾಡಿಗಳು ಹೊಗೆ ಕಾರುತ್ತ, ಮೈ ನಡುಗಿಸುತ್ತ ಕಡಲ ತೀರದ ಬ್ರೈಟನ್ ಕಡೆಗೆ ಹೊರಡುತ್ತವೆ. 1905ಕ್ಕಿಂತ ಮೊದಲು ತಯಾರಾದ ಗಾಡಿಗಳಿಗಾಗಿಯೇ ನಡೆಯುವ ಓಟ ಇದು. ಇಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ. ಸುಮಾರು 60 ಮೈಲಿ ದಾರಿಯನ್ನು ಕೆಟ್ಟು ನಿಲ್ಲದೆ ಮುಗಿಸಿದರೆ ಅದೇ ದೊಡ್ಡದು. ಇಂಗ್ಲೆಂಡಿನ ನವೆಂಬರ್ ಬೆಳಗಿಗೆ ಮಂಜು ಹೊಸದಲ್ಲ. ಆ ನಸುಕಿನಲ್ಲಿ ನೋಡುಗರ ಕಣ್ಣು ಮೊದಲು ಹೋಗುವುದು ಗಾಡಿಗಳ ಮುಂದೆ ಫಳಫಳ ಹೊಳೆಯುವ ಹಿತ್ತಾಳೆ ದೀಪಗಳ ಮೇಲೆ.

ನೋಡಲು ಚೆಂದ, ನಿಜ. ಆದರೆ ಮಂಜಿನಲ್ಲಿ ಅವು ಕೆಲಸಕ್ಕೆ ಬರುತ್ತವೆಯೇ? ಆಮೇಲೆ ಮಂಜಿಗೆಂದೇ ಮಾಡಿದ ಫಾಗ್ ಲ್ಯಾಂಪುಗಳು ಬಂದವಲ್ಲ, ಅವುಗಳಲ್ಲಿ ಒಳ್ಳೆಯದು ಯಾವುದು, ಬರೀ ಅಲಂಕಾರದ್ದು ಯಾವುದು ಎಂದು ಪತ್ತೆ ಮಾಡುವುದು ಹೇಗೆ? ಹಳೆಯ ಕಾರಿಗೆ ದೀಪ ಹುಡುಕುವವರು ಸಾಮಾನ್ಯವಾಗಿ ಕೇಳುವುದು ಎರಡೇ ಮಾತು: ಬೆಳಕು ಎಷ್ಟು ಜೋರು, ಗಾಜು ಹಳದಿಯೋ ಬಿಳಿಯೋ. ನನ್ನ ಮಟ್ಟಿಗೆ ಇವೆರಡೂ ಆಮೇಲಿನ ಪ್ರಶ್ನೆಗಳು. ಮೊದಲು ಕೇಳಬೇಕಾದ್ದು, ಈ ದೀಪದ ಬೆಳಕು ಎಲ್ಲಿಗೆ ಹೋಗುವುದಿಲ್ಲ ಎಂಬುದನ್ನು.

ಮೋಟಾರಿನ ಮೊದಲ ದೀಪಗಳು ದಾರಿ ಕಾಣಲಿಕ್ಕೆ ಇದ್ದವೇ ಅಲ್ಲ. ಕುದುರೆ ಸಾರೋಟಿನಿಂದ ಬಳುವಳಿಯಾಗಿ ಬಂದ ಸೀಮೆಎಣ್ಣೆಯ ದೀಪಗಳು ಅವು. ಗಾಡಿ ಬರುತ್ತಿದೆ ಎಂದು ಎದುರಿನವರಿಗೆ ತಿಳಿಸಿದರೆ ಅವುಗಳ ಕೆಲಸ ಮುಗಿಯಿತು. ಬ್ರಿಟನ್ನಿನಲ್ಲಿ 1865ರ ಕಾಯಿದೆಯ ಪ್ರಕಾರ ಎಂಜಿನ್ನಿನಿಂದ ಓಡುವ ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆಯಲೇಬೇಕಿತ್ತು. ಮೊದಮೊದಲು ಅವನ ಕೈಯಲ್ಲಿ ಕೆಂಪು ಬಾವುಟವೂ ಇರಬೇಕಿತ್ತು. 1896ರಲ್ಲಿ ಆ ಕಟ್ಟಳೆ ಹೋಯಿತು. ಅದೇ ಸಂತೋಷಕ್ಕೆ ಆ ವರ್ಷ ನವೆಂಬರ್ 14ರಂದು ಮೋಟಾರು ಮಂದಿ ಲಂಡನ್ನಿನಿಂದ ಬ್ರೈಟನ್ನಿಗೆ ಓಡಿಸಿದರು. ಈಗಿನ ಓಟ ಅದರ ನೆನಪಿನದು. ಮುಂದೆ ನಡೆಯುವ ಮನುಷ್ಯ ಹೋದ ಮೇಲೆ ವೇಗ ಹೆಚ್ಚಿತು, ವೇಗ ಹೆಚ್ಚಿದ ಮೇಲೆ ರಾತ್ರಿ ದಾರಿ ಕಾಣಬೇಕಾಯಿತು. ಸೀಮೆಎಣ್ಣೆಯ ಬತ್ತಿ ಸಾಲದಾಯಿತು.

ಆಗ ಬಂದದ್ದು ಅಸಿಟಿಲೀನ್. ಇದರ ಮೂಲವಸ್ತು ಕ್ಯಾಲ್ಸಿಯಂ ಕಾರ್ಬೈಡ್ ನಮ್ಮವರಿಗೆ ಚೆನ್ನಾಗಿ ಗೊತ್ತು. ನಿಷೇಧವಿದ್ದರೂ ಮಾವಿನಹಣ್ಣನ್ನು ಬೇಗ ಮಾಗಿಸಲು ಕದ್ದು ಬಳಸುವ ಬೂದುಬಣ್ಣದ ಹರಳು ಅದೇ. ನೀರು ತಾಕಿದರೆ ಸಾಕು, ಅದು ಅಸಿಟಿಲೀನ್ ಅನಿಲ ಬಿಡುತ್ತದೆ. ಉಳಿಯುವುದು ಸುಣ್ಣದ ಕೆಸರು. ದೀಪದ ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್, ಮೇಲಿನದರಲ್ಲಿ ನೀರು, ನಡುವೆ ತೊಟ್ಟಿಕ್ಕುವ ಒಂದು ಸಣ್ಣ ತಿರುಪು. ತಿರುಪು ಸಡಿಲಿಸಿ, ಅನಿಲ ಕೂಡಿಕೊಳ್ಳುವವರೆಗೆ ಕಾದು, ಗಾಜಿನ ಬಾಗಿಲು ತೆರೆದು ಕಡ್ಡಿ ಗೀರಬೇಕು. ಬೆಳ್ಳುಳ್ಳಿಯನ್ನು ಹೋಲುವ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಕಾರ್ಬೈಡಿನಲ್ಲಿರುವ ಕಲ್ಮಶದ್ದು. ಬರ್ನರಿನ ತುದಿಯ ಎರಡು ಸಣ್ಣ ರಂಧ್ರಗಳಿಂದ ಹೊರಟ ಅನಿಲ ಒಂದಕ್ಕೊಂದು ಡಿಕ್ಕಿಯಾಗಿ ಬೀಸಣಿಗೆಯ ಹಾಗೆ ಹರಡಿ ಉರಿಯುತ್ತದೆ. ಆ ಕಾಲದವರಿಗೆ ಅಷ್ಟು ಬಿಳಿಯಾದ ಬೆಳಕು ಹೊಸದು. ನೀರು ಹೆಚ್ಚು ಬಿದ್ದರೆ ಅನಿಲವೂ ಹೆಚ್ಚು. ತಿರುಪು ಬಿಗಿದರೂ ತಕ್ಷಣ ನಿಲ್ಲದು.

ಈ ದೀಪಗಳನ್ನು ಮಾರಿ ಹಣ ಮಾಡಿದವರಲ್ಲಿ ಫ್ರಾನ್ಸಿನ ಲೂಯಿ ಬ್ಲೆರಿಯೊ ಒಬ್ಬ. 1909ರ ಜುಲೈ 25ರಂದು ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಮೊದಲಿಗ ಇವನೇ. ಅವನ ವಿಮಾನದ ಹುಚ್ಚಿಗೆ ದುಡ್ಡು ಒದಗಿಸಿದ್ದು ಮೋಟಾರಿನ ಹೆಡ್‌ಲೈಟು. ಅತ್ತ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕಾರ್ಲ್ ಫಿಶರ್ ಮತ್ತು ಜೇಮ್ಸ್ ಆಲಿಸನ್ ಅಸಿಟಿಲೀನನ್ನು ಸಿಲಿಂಡರಿನಲ್ಲಿ ತುಂಬಿ ಪ್ರೆಸ್ಟ್-ಒ-ಲೈಟ್ ಹೆಸರಿನಲ್ಲಿ ಮಾರತೊಡಗಿದರು. ನೀರು, ಕೆಸರಿನ ತಾಪತ್ರಯ ತಪ್ಪಿತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರಿನ ಜೊತೆ ವಿದ್ಯುತ್ ದೀಪವೂ ಬಂತು. 1913ರಲ್ಲಿ ಜರ್ಮನಿಯ ಬಾಷ್ ಕಂಪನಿ ಡೈನಮೋ, ರೆಗ್ಯುಲೇಟರ್, ಹೆಡ್‌ಲೈಟುಗಳ ಪೂರ್ತಿ ಸೆಟ್ಟನ್ನೇ ಮಾರುಕಟ್ಟೆಗೆ ತಂದಿತು. ಕಾರ್ಬೈಡ್ ದೀಪದ ಕಾಲ ಅಲ್ಲಿಗೆ ಇಳಿಮುಖ.

ಬೆಳಕು ಜೋರಾದಂತೆಲ್ಲ ಬಯಲು ದಾರಿಯಲ್ಲಿ ದೂರದವರೆಗೆ ಕಂಡಿತು. ಮಂಜಿನಲ್ಲಿ ಮಾತ್ರ ಉಲ್ಟಾ ಆಯಿತು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲೋ ಆಗುಂಬೆಯಲ್ಲೋ ಹೈಬೀಮ್ ಹಾಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಕು ಹಾಕಿದ ಕೂಡಲೇ ಬಾನೆಟ್ಟಿನಾಚೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಆರಿಸಿದರೆ ಇನ್ನೂ ಸ್ವಲ್ಪ ಕಾಣುತ್ತದೆ.

ಹೀಗೇಕೆ? ಮಂಜೆಂದರೆ ಗಾಳಿಯಲ್ಲಿ ತೇಲುವ ನೀರ ಹನಿಗಳು. ಒಂದೊಂದರ ಅಗಲ ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಕಾಣುವ ದೂರ ಒಂದು ಕಿಲೋಮೀಟರಿಗಿಂತ ಕಡಿಮೆಯಾದರೆ ಹವಾಮಾನ ಇಲಾಖೆಯವರು ಅದನ್ನು ಮಂಜು ಎಂದು ದಾಖಲಿಸುತ್ತಾರೆ. ಬೆಳಕು ಹನಿಗೆ ಬಡಿದಾಗ ಬಹುಪಾಲು ಮುಂದಕ್ಕೇ ಚದುರುತ್ತದೆ, ಸ್ವಲ್ಪ ಪಾಲು ಹಿಂದಕ್ಕೆ ಬರುತ್ತದೆ. ಒಂದು ಹನಿಯದು ಲೆಕ್ಕಕ್ಕಿಲ್ಲ. ದೀಪದ ಮುಂದಿನ ಕೋಟ್ಯಂತರ ಹನಿಗಳದು ಒಟ್ಟಾಗಿ ಕಣ್ಣಿಗೆ ಬಂದಾಗ ಅದೇ ಪರದೆ. ಕಣ್ಣಿನ ಮುಂದೆ ಹತ್ತಿರದಲ್ಲೇ ಬೆಳಗಿದ ಹನಿಗಳದ್ದೇ ಹೆಚ್ಚು ಕಾಟ.

ಇಲ್ಲೊಂದು ಲೆಕ್ಕ ಹಾಕಬೇಕು. ಇಡೀ ವಿಷಯದ ಗುಟ್ಟು ಅದರಲ್ಲಿದೆ. ಫ್ರಾನ್ಸಿನ ದೀಪಸ್ತಂಭಗಳ ಎಂಜಿನಿಯರ್ ಎಮಿಲ್ ಅಲಾರ್ 1876ರಲ್ಲೇ ಇದರ ಸೂತ್ರ ಕೊಟ್ಟಿದ್ದ: ಬೆಳಕು ದೂರ ಹೋದಂತೆ ಹರಡಿ ತೆಳುವಾಗುವುದು ಒಂದು, ಗಾಳಿ ಅದನ್ನು ಮೀಟರು ಮೀಟರಿಗೂ ನುಂಗುತ್ತ ಹೋಗುವುದು ಇನ್ನೊಂದು. ಕಾಣುವ ದೂರ 50 ಮೀಟರ್ ಇರುವ ದಟ್ಟ ಮಂಜನ್ನು ತೆಗೆದುಕೊಳ್ಳಿ. ಹವಾಮಾನದವರ ಅಳತೆಯಲ್ಲಿ ಅದರ ಅರ್ಥ, 50 ಮೀಟರ್ ಹೋಗುವಷ್ಟರಲ್ಲಿ ದೀಪದ ಬೆಳಕಿನಲ್ಲಿ ನೂರಕ್ಕೆ 5 ಪಾಲು ಮಾತ್ರ ಉಳಿಯುತ್ತದೆ ಎಂದು. ಆ 5 ಪಾಲು ದಾರಿಯ ಕಲ್ಲಿಗೆ ಬಡಿದು ನಮ್ಮ ಕಣ್ಣಿಗೆ ಮರಳಬೇಕಾದರೆ ಮತ್ತೆ ಅದೇ 50 ಮೀಟರ್ ದಾಟಬೇಕು; ಮತ್ತೆ ನೂರಕ್ಕೆ 5. ಅಂದರೆ ಹೋಗಿ ಬರುವಷ್ಟರಲ್ಲಿ ಮಂಜೊಂದೇ ಬೆಳಕನ್ನು ನಾನೂರರಲ್ಲಿ ಒಂದು ಪಾಲಿಗೆ ಇಳಿಸಿತು. ಈಗ ದೀಪದ ಶಕ್ತಿಯನ್ನು ಎರಡು ಪಟ್ಟು ಮಾಡಿ. ಎಷ್ಟು ಹೆಚ್ಚು ದೂರ ಕಂಡೀತು? ಲೆಕ್ಕ ಹೇಳುವುದು ಹೆಚ್ಚೆಂದರೆ ಐದಾರು ಮೀಟರ್. ಅದೂ ಬೆಳಕು ಹರಡಿ ತೆಳುವಾಗುವುದನ್ನು ಬಿಟ್ಟು ಹಾಕಿದ ಲೆಕ್ಕ. ಇನ್ನೂ ದೊಡ್ಡ ತೊಡಕೆಂದರೆ, ದೀಪ ಎರಡು ಪಟ್ಟಾದರೆ ಹನಿಗಳಿಂದ ಹಿಂದಿರುಗುವ ಬಿಳಿ ಪರದೆಯೂ ಎರಡು ಪಟ್ಟಾಗುತ್ತದೆ. ಕಲ್ಲಿನ ಬೆಳಕಿಗೂ ಪರದೆಯ ಬೆಳಕಿಗೂ ನಡುವಿನ ಅನುಪಾತ ಇದ್ದಷ್ಟೇ ಇರುತ್ತದೆ. ಹೆಚ್ಚು ವ್ಯಾಟಿನ ಬಲ್ಬಿಗೆ ಸುರಿಯುವ ದುಡ್ಡು ಇಲ್ಲಿ ದಂಡ.

ಶಕ್ತಿಯಿಂದ ಆಗದ್ದು ದಿಕ್ಕಿನಿಂದ ಆಗುತ್ತದೆ. ನೋಟದ ಗೆರೆಯ ಉದ್ದಕ್ಕೂ ಇರುವ ಹನಿಗಳನ್ನು ಬೆಳಗದೆ, ನೆಲವನ್ನು ಮಾತ್ರ ಬೆಳಗಿದರೆ? ಒಳ್ಳೆಯ ಫಾಗ್ ಲ್ಯಾಂಪಿನ ಜಾಣತನವೆಲ್ಲ ಇದೇ. ಅದಕ್ಕೇ ಅದನ್ನು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರ ಕೂರಿಸುವುದು. ಹಳೆಯ ಗಾಡಿಗಳಲ್ಲಿ ಚಾಲಕ ಎತ್ತರದಲ್ಲಿ ಕೂರುತ್ತಿದ್ದ. ಅವನ ಕಣ್ಣು ನೆಲದಿಂದ ಐದಾರು ಅಡಿ ಮೇಲೆ, ದೀಪ ಎರಡಡಿಯ ಒಳಗೆ. ನೋಟದ ಗೆರೆಗೂ ಬೆಳಕಿನ ಗೆರೆಗೂ ನಡುವೆ ಅಷ್ಟು ಅಂತರ ಸಿಕ್ಕರೆ ಕಣ್ಣ ಮುಂದಿನ ಹನಿಗಳು ಕತ್ತಲಲ್ಲೇ ಉಳಿಯುತ್ತವೆ. ಈ ವಿಷಯದಲ್ಲಿ 1910ರ ಎತ್ತರದ ಕಾರಿನ ಚಾಲಕ ಇಂದಿನ ತಗ್ಗು ಕಾರಿನವನಿಗಿಂತ ಅದೃಷ್ಟವಂತ. ಬ್ರಿಟನ್ನಿನ ಕಾನೂನು ಎರಡಡಿಗಿಂತ ಕೆಳಗೆ ಕೂರಿಸಿದ ದೀಪವನ್ನು ಮಂಜು ಅಥವಾ ಹಿಮ ಬೀಳುವಾಗ ಮಾತ್ರ ಹಚ್ಚಬೇಕೆಂದು ಕಟ್ಟು ಹಾಕಿದ್ದೂ ಈ ತಗ್ಗು ದೀಪಗಳನ್ನು ಗಮನದಲ್ಲಿಟ್ಟೇ.

ಬೆಳಕು ಅಗಲವಾಗಿಯೂ ಇರಬೇಕು. ಮಂಜಿನಲ್ಲಿ ಚಾಲಕ ದಾರಿ ಹಿಡಿಯುವುದು ದೂರ ನೋಡಿ ಅಲ್ಲ, ರಸ್ತೆಯ ಅಂಚು ನೋಡಿ. ಇಂಗ್ಲೆಂಡಿನಲ್ಲಿ ಎಷ್ಟೋ ಜನ ಒಂದೇ ಫಾಗ್ ಲ್ಯಾಂಪನ್ನು ಎಡಬದಿಗೆ ಹಾಕಿಸಿ, ಫುಟ್‌ಪಾತಿನ ಕಲ್ಲಂಚಿಗೆ ಗುರಿಯಿಟ್ಟು, ಆ ಕಲ್ಲನ್ನೇ ಹಿಡಿದು ಮನೆ ಸೇರುತ್ತಿದ್ದರು. ಎಲ್ಲಕ್ಕಿಂತ ಮುಖ್ಯ, ಬೆಳಕಿನ ಮೇಲಂಚು ಕತ್ತರಿಸಿದಂತೆ ಇರಬೇಕು. ಆ ಗೆರೆಯ ಮೇಲೆ ಕತ್ತಲೆ. ಅಲ್ಲಿ ಸೋರಿದ ಒಂದೊಂದು ಕಿರಣವೂ ಪರದೆಗೆ ನೂಲು ಸೇರಿಸುತ್ತದೆ.

ಈ ಗೆರೆ ಬರುವುದು ಹೇಗೆಂದು ತಿಳಿಯಲು ದೀಪವನ್ನು ಬಿಚ್ಚಿ ನೋಡಬೇಕು. ಹಿಂದೆ ಬೋಗುಣಿಯಾಕಾರದ ರಿಫ್ಲೆಕ್ಟರ್. ಹಳೆಯವುಗಳಲ್ಲಿ ಹಿತ್ತಾಳೆಗೆ ಬೆಳ್ಳಿ ಲೇಪ. ಬಲ್ಬಿನ ತಂತಿ ರಿಫ್ಲೆಕ್ಟರಿನ ನಾಭಿಯಲ್ಲೇ, ಅಂದರೆ ಫೋಕಸ್ ಬಿಂದುವಿನಲ್ಲೇ, ಇದ್ದರೆ ಬೆಳಕು ನೇರ, ಸಮಾಂತರವಾಗಿ ಹೊರಡುತ್ತದೆ. ತಂತಿ ತುಸು ಮುಂದೆ ಬಂದರೆ ರಿಫ್ಲೆಕ್ಟರಿನ ಮೇಲರ್ಧಕ್ಕೆ ಬಡಿದದ್ದು ಕೆಳಕ್ಕೂ ಕೆಳಗಿನರ್ಧಕ್ಕೆ ಬಡಿದದ್ದು ಮೇಲಕ್ಕೂ ಹೋಗುತ್ತದೆ. ಹಾಗಾಗಿ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಮರೆ ಇಟ್ಟರೆ ಮೇಲೆ ಹೋಗುವ ಬೆಳಕು ಹುಟ್ಟುವುದೇ ಇಲ್ಲ. ಬಲ್ಬಿನ ಮೂತಿಗೂ ಒಂದು ಟೋಪಿ ಬೇಕು. ರಿಫ್ಲೆಕ್ಟರನ್ನು ಮುಟ್ಟದೆ ತಂತಿಯಿಂದ ನೇರ ಹೊರಬೀಳುವ ಬೆಳಕಿಗೆ ಲಗಾಮು ಹಾಕುವುದು ಅದು. ಮುಂದಿನ ಗಾಜಿನಲ್ಲಿ ಉದ್ದುದ್ದ ನಿಂತ ಗೀರುಗಳಿರುತ್ತವೆ. ಬೆಳಕನ್ನು ಎಡಬಲಕ್ಕೆ ಹರಡುವುದು ಆ ಗೀರುಗಳೇ. ಆದ್ದರಿಂದ ಗಾಜು ತಿರುಗಿ ಕೂತರೆ, ಗೀರು ಅಡ್ಡವಾದರೆ, ಬೆಳಕು ಮೇಲೆ ಕೆಳಗೆ ಹರಡಿ ಇಡೀ ಉದ್ದೇಶವೇ ಕೆಡುತ್ತದೆ. ಹಳೆಯ ದೀಪಕ್ಕೆ ಹೊಳಪು ಕೊಟ್ಟು ಮತ್ತೆ ಜೋಡಿಸುವಾಗ ಗಾಜಿನ ನಿಲುವನ್ನು ಗುರುತು ಮಾಡಿಕೊಳ್ಳುವುದು ಬಹಳ ಮುಖ್ಯ.

ಇನ್ನು ಹಳದಿಯ ವಿಷಯ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ ಇಂದಿಗೂ ನಮ್ಮ ಅಂಗಡಿಗಳಲ್ಲಿ ಅದೇ ಮಾತಿನ ಮೇಲೆ ಹಳದಿ ಬಲ್ಬು ಮಾರುತ್ತಾರೆ. ನಂಬಿಕೆಯ ಬೇರು ಆಕಾಶದಲ್ಲಿದೆ. ಲಾರ್ಡ್ ರ್‍ಯಾಲೆ 1871ರಲ್ಲಿ ಆಕಾಶ ನೀಲಿಯಾಗಿ ಕಾಣುವುದೇಕೆಂದು ವಿವರಿಸಿದ: ಬೆಳಕಿನ ಅಲೆಗಿಂತ ಬಹಳ ಸಣ್ಣ ಕಣಗಳು ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ ಚದುರಿಸುತ್ತವೆ. ಹಾಗಿದ್ದರೆ ಮಂಜಿನಲ್ಲೂ ನೀಲಿ ತೆಗೆದುಬಿಟ್ಟರೆ ಉಳಿದದ್ದು ದೂರ ಹೋಗಬೇಕಲ್ಲ? ವಾದ ಸರಿಯಾಗಿಯೇ ಕಾಣುತ್ತದೆ. ಆದರೆ ಮಂಜಿನ ಹನಿ ಅಷ್ಟು ಸಣ್ಣದಲ್ಲ. ಹಸಿರು ಬೆಳಕಿನ ಅಲೆಗಿಂತ ಸುಮಾರು ಇಪ್ಪತ್ತು ಪಟ್ಟು ದೊಡ್ಡದು. ಅಂಥ ದೊಡ್ಡ ಕಣಗಳು ಬಣ್ಣಬಣ್ಣಕ್ಕೆ ಭೇದ ಮಾಡುವುದಿಲ್ಲ. ಜರ್ಮನಿಯ ಗುಸ್ತಾವ್ ಮೀ 1908ರಲ್ಲಿ ಕೊಟ್ಟ ಗಣಿತದಿಂದ ಇದನ್ನು ಲೆಕ್ಕ ಹಾಕಿ ತೋರಿಸಬಹುದು. ಮಂಜೂ ಮೋಡವೂ ಬೆಳ್ಳಗಿರುವುದು ಇದೇ ಕಾರಣಕ್ಕೆ. ಅಮೆರಿಕದ ಲಕಿಶ್ ಮತ್ತು ಹಾಲಡೇ ಸೋಡಿಯಂ ದೀಪದ ಹಳದಿ ಬೆಳಕನ್ನೂ ಸಾಮಾನ್ಯ ಬಲ್ಬಿನ ಬೆಳಕನ್ನೂ ಮಂಜಿನಲ್ಲಿ ಹೋಲಿಸಿ 1941ರಲ್ಲಿ ಬರೆದ ವರದಿಯೂ ಹಳದಿಗೆ ಹೇಳಿಕೊಳ್ಳುವಂಥ ಮೇಲುಗೈ ಕೊಡಲಿಲ್ಲ.

ಹಾಗೆಂದು ಹಳದಿ ಗಾಜನ್ನು ಕಸಕ್ಕೆ ಎಸೆಯಬೇಕಿಲ್ಲ. ನೀಲಿ ಬೆಳಕು ಕಣ್ಣಿನೊಳಗೆ ಹೆಚ್ಚು ಕುಕ್ಕುತ್ತದೆ; ಅದನ್ನು ಸೋಸಿದ ಬೆಳಕು ಹಿತವೆಂದು ಅನೇಕ ಚಾಲಕರು ಹೇಳುತ್ತಾರೆ, ಆ ಅನುಭವ ಸುಳ್ಳಲ್ಲ. ಫ್ರಾನ್ಸ್ ಈ ವಾದಕ್ಕೇ ಕಿವಿಗೊಟ್ಟು 1936ರಲ್ಲಿ ಆದೇಶ ಹೊರಡಿಸಿ ಎಲ್ಲ ಹೆಡ್‌ಲೈಟುಗಳೂ ಹಳದಿಯಾಗಬೇಕೆಂದಿತು. 1993ರವರೆಗೂ ಫ್ರೆಂಚ್ ರಸ್ತೆಗಳಲ್ಲಿ ಹಳದಿ ದೀಪವೇ ಕಾನೂನು. ಮಾರ್ಷಲ್, ಸಿಬಿಯೆ ಕಂಪನಿಗಳ ಹಳದಿ ದೀಪಗಳಿಗೆ ಇಂದಿಗೂ ಸಂಗ್ರಾಹಕರಲ್ಲಿ ಬೇಡಿಕೆಯಿದೆ. ನನ್ನ ತೀರ್ಮಾನ ಇಷ್ಟು: ಹಳದಿ ಕಣ್ಣಿಗೆ ಒಳ್ಳೆಯದು, ಮಂಜಿಗೆ ಏನೂ ಅಲ್ಲ. ಮೇಲಂಚು ಸರಿಯಿಲ್ಲದ ಹಳದಿ ದೀಪಕ್ಕಿಂತ ಮೇಲಂಚು ಸರಿಯಿರುವ ಬಿಳಿ ದೀಪವೇ ಲೇಸು.

ದೀಪ ಎಷ್ಟೇ ಒಳ್ಳೆಯದಿದ್ದರೂ ಸೋಲುವ ಮಂಜು ಉಂಟು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಕಲ್ಲಿದ್ದಲ ಹೊಗೆ ಬೆರೆತ ಮಂಜು ಕವಿದಾಗ ಫಾಗ್ ಲ್ಯಾಂಪುಗಳು ಯಾವ ಉಪಯೋಗಕ್ಕೂ ಬರಲಿಲ್ಲ. ಬಸ್ಸಿನ ಮುಂದೆ ಕಂಡಕ್ಟರ್ ಪಂಜು ಹಿಡಿದು ನಡೆದ. 1896ರಲ್ಲಿ ಕಾನೂನು ಬಿಡುಗಡೆ ಮಾಡಿದ್ದ ಆ ಮುಂದೆ ನಡೆಯುವ ಮನುಷ್ಯ ಮತ್ತೆ ಬೇಕಾದ. ಮಂಜು ಒಳಗೂ ನುಗ್ಗಿ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ನಡೆಯುತ್ತಿದ್ದ ಆಪೆರಾವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸತ್ತವರು ನಾಲ್ಕು ಸಾವಿರ ಎಂದು ಆಗ ಅಂದಾಜಾಯಿತು; ನಂತರದ ಅಧ್ಯಯನಗಳು ಅದನ್ನು ಹನ್ನೆರಡು ಸಾವಿರದವರೆಗೂ ಏರಿಸಿವೆ. ಪರಿಹಾರ ದೀಪದ ಕಾರ್ಖಾನೆಯಿಂದ ಬರಲಿಲ್ಲ, 1956ರ ಶುದ್ಧ ಗಾಳಿ ಕಾಯಿದೆಯಿಂದ ಬಂತು. ಇನ್ನೊಂದು ಪರಿಹಾರ ರಸ್ತೆಯೊಳಗಿನಿಂದ ಬಂದಿತ್ತು. ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸಿನ ಪರ್ಸಿ ಶಾ 1930ರ ದಶಕದಲ್ಲಿ ರಸ್ತೆಯ ನಡುಗೆರೆಯಲ್ಲಿ ಹೂಳುವ ಬೆಕ್ಕಿನ ಕಣ್ಣುಗಳನ್ನು ಮಾಡಿದ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಗಾಜಿನ ಗುಂಡಿಗಳು ಅವು. ದೀಪ ಸಣ್ಣದಾದರೂ ದಾರಿಯ ಗೆರೆ ಕಾಣುತ್ತಿತ್ತು. ಇಂದು ನಮ್ಮ ಹೆದ್ದಾರಿಗಳಲ್ಲಿ ಮಿನುಗುವ ಸ್ಟಡ್ಡುಗಳು ಅದೇ ವಂಶದವು.

ಈಗ ಕೈಗೆ ಸಿಕ್ಕ ಹಳೆಯ ದೀಪವನ್ನು ಪರೀಕ್ಷಿಸುವ ಬಗೆ. ಇದಕ್ಕೆ ಮಂಜು ಬೇಕಿಲ್ಲ. ಒಂದು ಖಾಲಿ ಗೋಡೆ, ಸಮತಟ್ಟು ನೆಲ, ರಾತ್ರಿ ಸಾಕು. ಗಾಡಿಯನ್ನು ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ. ಬೆಳಕಿನ ಮೇಲಂಚು ಆ ಗೆರೆಗಿಂತ ನಾಲ್ಕು ಅಂಗುಲ ಕೆಳಗೆ ಬೀಳಬೇಕು. ದೀಪ ನೆಲದಿಂದ ಎರಡಡಿ ಎತ್ತರದಲ್ಲಿದ್ದರೆ, ಆ ಇಳಿಜಾರಿನ ಮೇಲಂಚು ಸುಮಾರು 150 ಅಡಿಯಲ್ಲಿ ನೆಲ ಮುಟ್ಟುತ್ತದೆ. ಮಂಜಿನಲ್ಲಿ ಅದಕ್ಕಿಂತ ದೂರದ ಆಸೆಯೂ ಬೇಡ. ಗೋಡೆಯ ಮೇಲೆ ಮೂಡಿದ ಆಕಾರವನ್ನು ತಾಳ್ಮೆಯಿಂದ ನೋಡಿ. ಅಡ್ಡಲಾಗಿ ಅಗಲ ಪಟ್ಟಿ ಇದೆಯೇ, ಇಲ್ಲ ನಡುವೆ ಗುಂಡನೆಯ ಮಚ್ಚೆಯೇ? ಗುಂಡನೆಯದಾದರೆ ಅದು ದೂರ ನೋಡುವ ದೀಪ, ಫಾಗ್ ಲ್ಯಾಂಪಲ್ಲ; ಹಳೆಯ ಸಾಮಾನು ಮಾರುವಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದು ಸಾಮಾನ್ಯ. ಆಮೇಲೆ ಗೆರೆಯ ಮೇಲಿನ ಭಾಗ ನೋಡಿ. ಅಲ್ಲಿ ಚದುರಿದ ಮಸುಕು ಬೆಳಕು ಕಂಡರೆ ಬಲ್ಬಿನ ಮರೆ ಕಳಚಿರಬಹುದು, ತಂತಿ ಜಾಗ ತಪ್ಪಿರಬಹುದು, ಇಲ್ಲವೇ ಗಾಜಿನ ಒಳಗೆ ಧೂಳು ಕೂತಿರಬಹುದು.

ರಿಫ್ಲೆಕ್ಟರ್ ಕಪ್ಪಾಗಿದ್ದರೆ ಹಿತ್ತಾಳೆ ಪಾಲಿಶ್ ಹಾಕಿ ತಿಕ್ಕಬೇಡಿ. ಬೆಳ್ಳಿಯ ಲೇಪ ಬಹಳ ತೆಳು. ಒಂದೆರಡು ಉಜ್ಜಿಗೆ ಕೆಳಗಿನ ಹಿತ್ತಾಳೆ ಹೊರಬಂದೀತು. ಮತ್ತೆ ಬೆಳ್ಳಿ ಹಾಕಿಸುವುದೇ ಸರಿಯಾದ ದಾರಿ.

ಅದಕ್ಕೂ ಮೊದಲು ಕರೆಂಟು ನೋಡಬೇಕು. ದೀಪ ಮಂಕಾಗಿದೆ ಎಂದು ದೀಪವನ್ನು ಬೈಯುವವರು ಹೆಚ್ಚು. ತಪ್ಪು ಎಷ್ಟೋ ಸಲ ತುಕ್ಕು ಹಿಡಿದ ಅರ್ತಿಂಗ್ ಜೋಡಣೆಯದು. ಬಲ್ಬಿನ ಬೆಳಕು ವೋಲ್ಟಿನ ಏರಿಳಿತಕ್ಕೆ ಬಹಳ ಸೂಕ್ಷ್ಮ. 6 ವೋಲ್ಟಿನ ಹಳೆಯ ಕಾರಿನಲ್ಲಿ ಸಡಿಲ ಜೋಡಣೆಯಿಂದ ಅರ್ಧ ವೋಲ್ಟು ಸೋರಿದರೆ ಬೆಳಕಿನಲ್ಲಿ ಕಾಲುಭಾಗ ಹೋಯಿತು. ಅದೇ 12 ವೋಲ್ಟಿನ ಕಾರಿನಲ್ಲಾದರೆ ನಷ್ಟ ಅದರ ಅರ್ಧದಷ್ಟು. 36 ವ್ಯಾಟಿನ ಒಂದು ಬಲ್ಬು 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುತ್ತದೆ, 6 ವೋಲ್ಟಿನಲ್ಲಿ 6. ಮಂಜಿನಲ್ಲಿ ಎಂಜಿನ್ ನಿಧಾನ ಓಡುತ್ತದೆ, ನಿಧಾನ ಓಡುವ ಹಳೆಯ ಡೈನಮೋ ಹೆಚ್ಚು ಕೊಡುವುದಿಲ್ಲ. ಉಳಿದದ್ದು ಬ್ಯಾಟರಿಯಿಂದಲೇ ಬರಬೇಕು. ಆದ್ದರಿಂದ ಹಳೆಯ ಕಾರಿಗೆ ಫಾಗ್ ಲ್ಯಾಂಪ್ ಹಾಕಿಸುವವರು ಆಂಪಿಯರ್ ಮೀಟರಿನ ಮುಳ್ಳು ನೋಡಿ ನಿರ್ಧರಿಸಬೇಕು. ಹಳೆಯ ಹೊರಕವಚದೊಳಗೆ ಎಲ್‌ಇಡಿ ಬಲ್ಬು ತುರುಕಿದರೆ ಕರೆಂಟು ಉಳಿಯುತ್ತದೆ, ನಿಜ. ಆದರೆ ಬೆಳಕು ಹುಟ್ಟುವ ಜಾಗ ತಂತಿಯ ಜಾಗಕ್ಕೆ ಹೊಂದದಿದ್ದರೆ ಮೇಲಂಚು ಚೂರುಚೂರಾಗುತ್ತದೆ. ಹಾಗೆ ಮಾಡುವ ಮೊದಲೂ ಆಮೇಲೂ ಗೋಡೆಯ ಮುಂದೆ ನಿಲ್ಲಿಸಿ ನೋಡದೆ ರಸ್ತೆಗಿಳಿಯಬಾರದು.

ದೀಪದಾಚೆಯ ಒಂದು ಮಾತೂ ಇಲ್ಲಿ ಸೇರಬೇಕು. 1920–30ರ ದಶಕಗಳ ಎಷ್ಟೋ ಕಾರುಗಳಲ್ಲಿ ಮುಂಗಾಜನ್ನು ಮೇಲಿನ ಕೀಲಿನ ಮೇಲೆ ಹೊರಕ್ಕೆ ಎತ್ತಿ ತೆರೆಯಬಹುದಿತ್ತು. ಗಾಜಿನ ಮೇಲೆ ಹನಿ ಕೂತು ಮಸುಕಾದಾಗ ಚಾಲಕ ಅದನ್ನು ಎತ್ತಿ, ಚಳಿಗಾಳಿಗೆ ಮುಖ ಕೊಟ್ಟು, ಬರಿಗಣ್ಣಿನಿಂದ ದಾರಿ ನೋಡುತ್ತಿದ್ದ. ಕಣ್ಣಿಗೂ ದಾರಿಗೂ ನಡುವಿನ ಒಂದು ಪರದೆ ಹಾಗೆ ಕಡಿಮೆಯಾಗುತ್ತಿತ್ತು. ಬ್ರೇಕು ಮಾತ್ರ ಅವನ ಕೈಬಿಡುತ್ತಿತ್ತು. 1920ರ ದಶಕದ ನಡುವಿನವರೆಗೂ ಬಹಳಷ್ಟು ಕಾರುಗಳಿಗೆ ಹಿಂದಿನ ಎರಡು ಚಕ್ರಕ್ಕಷ್ಟೇ ಬ್ರೇಕು. ಅಂಥ ಗಾಡಿಯಲ್ಲಿ ದೀಪ ತೋರಿಸಿದಷ್ಟು ದೂರದೊಳಗೆ ನಿಲ್ಲಲಾಗದಿದ್ದರೆ ದೀಪದ ಗುಣ ಕಟ್ಟಿಕೊಂಡು ಏನು ಪ್ರಯೋಜನ?

ಧರ್ಮಸ್ಥಳದ ಕಾರ್ ಮ್ಯೂಸಿಯಂಗೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ಕ್ಕೋ ಹೋದಾಗ ಹಳೆಯ ಕಾರುಗಳ ಬಣ್ಣ, ಬಾನೆಟ್ಟು ನೋಡಿ ಮುಂದೆ ಸಾಗಬೇಡಿ. ಒಮ್ಮೆ ಬಗ್ಗಿ ಮುಂದಿನ ದೀಪಗಳ ಗಾಜು ನೋಡಿ. ಗೀರು ನಿಂತಿವೆಯೋ ಮಲಗಿವೆಯೋ, ಬಲ್ಬಿನ ಮುಂದೆ ಮರೆ ಇದೆಯೋ ಇಲ್ಲವೋ ಕಾಣುತ್ತದೆ. ಮನೆಯಲ್ಲಿ ಹಳೆಯ ಕಾರು ಉಳಿಸಿಕೊಂಡಿರುವವರಲ್ಲಿ ನನ್ನ ವಿನಂತಿ: ಮೂಲ ಫಾಗ್ ಲ್ಯಾಂಪ್ ಇದ್ದರೆ ಗುಜರಿಗೆ ಹಾಕಬೇಡಿ, ರಿಫ್ಲೆಕ್ಟರಿಗೆ ಬೆಳ್ಳಿ ಹಾಕಿಸಿ, ಅರ್ತಿಂಗ್ ವೈರು ಹೊಸದು ಎಳೆಸಿ, ಗೋಡೆಯ ಮುಂದೆ ನಾಲ್ಕು ಅಂಗುಲ ಇಳಿಸಿ ಕಟ್ಟಿ. ಮಂಜು ಕರಗಿದ ಕೂಡಲೇ ಅದನ್ನು ಆರಿಸಿ.